ಒಂಟಿ ಸುತ್ತು

ಹೊಳೆಯಾಚೆಯ ಊರಿನಿಂದ ಮಠಕ್ಕೆ ಬರಬೇಕಾದರೆ ಹರಿಗೋಲೇ ಗತಿ. ಇಪ್ಪತ್ತು ವರ್ಷದಿಂದ ಅದಕ್ಕೆ ಹುಟ್ಟು ಹಾಕುತ್ತಿದ್ದವನು ಮಠದ ಆಳು ನಿಂಗಶೆಟ್ಟಿ.

ಅಲ್ಲೊಂದು ಕಟ್ಟಳೆ ಇತ್ತು. ದಿನಾ ಬೆಳಿಗ್ಗೆ ಅಂಬಿಗ ಒಬ್ಬನೇ ಹರಿಗೋಲನ್ನು ನಡುಹೊಳೆಯವರೆಗೆ ಒಯ್ದು, ತಳದಲ್ಲಿ ನೀರು ಜಿನುಗುವುದಿಲ್ಲ ಎಂದು ಖಾತ್ರಿ ಮಾಡಿಕೊಂಡು ಬರಬೇಕು. ಅದಕ್ಕೆ ಒಂಟಿ ಸುತ್ತು ಎನ್ನುತ್ತಿದ್ದರು. ಅದಾದ ಮೇಲೆಯೇ ಜನ ಹತ್ತಬೇಕು.

ಒಂದು ದಿನ ಎಂಟು ಜನರನ್ನು ಕೂರಿಸಿಕೊಂಡು ಹೋಗುವಾಗ ನಡುಹೊಳೆಯಲ್ಲಿ ತಳ ಬಿಟ್ಟುಕೊಂಡಿತು. ನೀರು ಕಣಕಾಲಿನ ತನಕ ಏರಿತು. ಕಂಕುಳಲ್ಲಿ ಕೂಸಿದ್ದ ತಾಯಿಯೊಬ್ಬಳು ಬಾಯಿ ಬಾಯಿ ಬಡಿದುಕೊಂಡಳು. ಪುಣ್ಯಕ್ಕೆ ಹೇಗೋ ದಡ ಮುಟ್ಟಿದರು.

ಮಠದ ಆಳುಕಾಳುಗಳ ಉಸ್ತುವಾರಿ ಶಿಷ್ಯ ಮರುಳಸಿದ್ಧನದು. ಬೆಳಿಗ್ಗೆ ಒಂಟಿ ಸುತ್ತು ಹೋಗಿದ್ದೆಯಾ ಎಂದು ಕೇಳಿದ. ಹೋಗಿದ್ದೆ ಎಂದ ನಿಂಗಶೆಟ್ಟಿ. ಹೊಳೆಯ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಇಲ್ಲವೆಂದರು.

ಮರುಳಸಿದ್ಧ ನೇರ ಮನುಷ್ಯ. ಎಷ್ಟು ನೇರ ಎಂದರೆ, ಪಕ್ಕಕ್ಕೆ ಕತ್ತು ತಿರುಗಿಸುವುದೂ ಅವನಿಗೆ ಕಷ್ಟ.

"ಹರಿಗೋಲು ತೂತಾಗಿದ್ದಕ್ಕಲ್ಲ, ನೀನು ಸುಳ್ಳು ಹೇಳಿದ್ದಕ್ಕೆ. ನಿನ್ನ ಮೇಲೆ ನಂಬಿಕೆ ಹೋಯ್ತು. ನಾಳೆಯಿಂದ ಬರಬೇಡ" ಎಂದ.

ನಿಂಗಶೆಟ್ಟಿ ಹುಟ್ಟನ್ನು ಗೋಡೆಗೆ ಒರಗಿಸಿದ. ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟುಹೋದ. 

ಹೊಸ ಅಂಬಿಗ ಬಂದ. ಮೊದಲ ದಿನ ಅವನ ಒಂಟಿ ಸುತ್ತನ್ನು ಮರುಳಸಿದ್ಧ ದಡದಲ್ಲಿ ನಿಂತು ನೋಡಿದ. ಎರಡನೆಯ ದಿನವೂ ನೋಡಿದ. ಮೂರನೆಯ ದಿನ, ದಡದಿಂದ ಏನು ಕಂಡೀತು ಎನ್ನಿಸಿ ತಾನೇ ಹತ್ತಿ ಕೂತ. ಒಂಟಿ ಸುತ್ತಿಗೆ ಇಬ್ಬರಾದರು.

ಅಲ್ಲಿಗೂ ಸಮಾಧಾನವಾಗಲಿಲ್ಲ. ಅಡುಗೆಯವನು ಅಕ್ಕಿ ತೊಳೆದೆ ಎಂದರೆ ಪಾತ್ರೆಗೆ ಕೈ ಹಾಕಿ ನೋಡಿದ. ಕೊಟ್ಟಿಗೆಯವನು ಬಾಗಿಲು ಹಾಕಿದೆ ಎಂದರೆ ಹೋಗಿ ಅಗುಳಿ ಜಗ್ಗಿದ. ಅಡುಗೆಯವನು ಕೊನೆಗೆ, ಉಪ್ಪನ್ನೂ ತಾವೇ ಹಾಕಿಬಿಡಿ ಸ್ವಾಮಿ ಎಂದು ಕೈ ಮುಗಿದ. ಯಾರೂ ನಗಲಿಲ್ಲ.

ಮರುಳಸಿದ್ಧ ಪಡಸಾಲೆಗೆ ಬಂದರೆ ಅಲ್ಲಿ ಮಾತು ನಿಲ್ಲುತ್ತಿತ್ತು. ಪಂಕ್ತಿಯಲ್ಲಿ ಅವನ ಪಕ್ಕದ ಎಲೆಗೆ ಜನ ಕೊನೆಗೆ ಬಂದು ಕೂರುತ್ತಿದ್ದರು, ಕೆಲವು ದಿನ ಕೂರುತ್ತಲೇ ಇರಲಿಲ್ಲ. ಅಷ್ಟೊಂದು ಜನರಿರುವ ಮಠದಲ್ಲಿ ಅವನು ಒಬ್ಬಂಟಿಯಾದ. ಅದು ಅವನಿಗೆ ಗೊತ್ತಾಗುತ್ತಿತ್ತು, ನೋಯುತ್ತಿತ್ತು.

ಒಂದು ದಿನ ಮಠದ ಗುರುಗಳು ಹೊಳೆದಂಡೆಯ ಕಲ್ಲಿನ ಮೇಲೆ ಕೂತು ಕಾಲು ತೊಳೆಯುತ್ತಿದ್ದರು. ಅವನು ಹೋಗಿ ಪಕ್ಕದಲ್ಲಿ ನಿಂತ.

"ಬುದ್ಧಿ, ನಾನು ಕಳಿಸಿದ್ದು ಒಬ್ಬನನ್ನ. ಈಗ ಯಾರ ಮಾತೂ ನಂಬೋಕಾಗ್ತಿಲ್ಲ. ಎಲ್ಲರೂ ನನ್ನ ಬಿಟ್ಟು ಹೋದ ಹಾಗಿದೆ. ಹೀಗೇ ಆದ್ರೆ ನಾನು ಇಲ್ಲಿ ಇರಲಾರೆ."

"ನಿಂಗಶೆಟ್ಟಿ ಆವತ್ತು ಒಂಟಿ ಸುತ್ತು ಯಾಕೆ ಹೋಗಲಿಲ್ಲವಂತೆ?"

"ಹೋಗಿದ್ದೆ ಅಂತ ಸುಳ್ಳು ಹೇಳಿದ."

"ಅದು ಗೊತ್ತು. ಯಾಕೆ ಹೋಗಲಿಲ್ಲ?"

 ಅದನ್ನು ಮರುಳಸಿದ್ಧ ಕೇಳಿಯೇ ಇರಲಿಲ್ಲ.

"ಕೇಳ್ಕೊಂಡು ಬಾ" ಎಂದು ಗುರುಗಳು ಮತ್ತೆ ಕಾಲು ತೊಳೆಯತೊಡಗಿದರು.

ಆಚೆ ದಡದಲ್ಲಿ ನಿಂಗಶೆಟ್ಟಿ ಮನೆಯ ಮುಂದೆ ಕೂತು ಎಡಗೈಯಲ್ಲಿ ಬಲೆಯ ಗಂಟು ಬಿಡಿಸುತ್ತಿದ್ದ. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಮಠದವರನ್ನು ಕಂಡು ಎದ್ದು ಚಾಪೆ ಹಾಸಿದ, ಹೆಂಡತಿಗೆ ಮಜ್ಜಿಗೆ ತರಲು ಹೇಳಿದ. ಮರುಳಸಿದ್ಧ ಕೂರದೆ, ನಿಂತೇ ಕೇಳಿದ.

ನಿಂಗಶೆಟ್ಟಿ ಬಲೆಯನ್ನು ಪಕ್ಕಕ್ಕಿಟ್ಟ.

"ಆವತ್ತು ಬಲಗೈ ಏಳ್ತಿರ್ಲಿಲ್ಲ ಸ್ವಾಮಿ. ಒಂದು ಸಲ ಹೊಳೆ ದಾಟೋ ಅಷ್ಟು ತ್ರಾಣ ಇತ್ತು. ಅದನ್ನ ಜನಕ್ಕೆ ಅಂತ ಇಟ್ಕೊಂಡೆ."

"ನನಗೆ ಹೇಳಬಹುದಿತ್ತಲ್ಲ."

"ಮಠಕ್ಕೆ ಹೂ ಬಿಡಿಸ್ತಿದ್ದ ಸಾಕಮ್ಮ ಹೋದ ವರ್ಷ ಕಣ್ಣು ಮಂಜಾಗಿದೆ ಅಂತ ನಿಮಗೆ ಹೇಳಿದ್ಲು. ಮಾರನೇ ದಿನ ಅವಳ ಬುಟ್ಟಿ ಇನ್ನೊಬ್ರ ಕೈಲಿತ್ತು. ನಿಮ್ಮತ್ರ ನೋವು ಹೇಳ್ಕೋಬಾರ್ದು ಅಂತ ಅವತ್ತೇ ಅನ್ಕೊಂಡೆ."

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಮರುಳಸಿದ್ಧನಿಗೆ ಎಷ್ಟೋ ಹಗುರವಾಗುತ್ತಿತ್ತು. ಸಾಕಮ್ಮನ ಮುಖ ನೆನಪಿಸಿಕೊಳ್ಳಲು ನೋಡಿದ. ನೆನಪಾಗಲಿಲ್ಲ.

ವಾಪಸು ಬರುವಾಗ ಹರಿಗೋಲಿನ ತಳ ನೋಡುವುದನ್ನೂ ಮರೆತು ಕೂತಿದ್ದ.

ಗುರುಗಳು ಅದೇ ಕಲ್ಲಿನ ಮೇಲೆ ಕಾಯುತ್ತಿದ್ದರು. ಮರುಳಸಿದ್ಧ ಸಾಕಮ್ಮನ ಮಾತನ್ನೂ ಬಿಡದೆ ಎಲ್ಲ ಹೇಳಿದ. 

"ಅವನನ್ನ ವಾಪಸ್ ಕರೀಲಾ ಬುದ್ಧಿ?"

"ಹರಿಗೋಲಿಗೆ ಬೇಡ. ಏಳದ ಕೈಗೆ ಜನರ ಜೀವ ಒಪ್ಪಿಸಬಾರದು. ಬೇರೆ ಏನಾದ್ರೂ ಕೆಲಸ ನೋಡು."

"ಕೆಲಸ ಕೊಡಬಹುದು. ಆದ್ರೆ ನಂಬಿಕೆ ಹೋದ ಮೇಲೆ ಒಬ್ಬನ ಜೊತೆ ಇರೋದು ಹೇಗೆ?"

ಗುರುಗಳು ಎದ್ದು, ಅವನ ಹೆಗಲ ಮೇಲೆ ಕೈಯಿಟ್ಟರು.

"ಅವನಿಗೆ ನಿನ್ನ ಮೇಲಿನ ನಂಬಿಕೆ ಹೋಗಿ ಒಂದು ವರ್ಷ ಆಗಿತ್ತು, ಮರುಳಸಿದ್ಧ. ಆದ್ರೂ ನಿನ್ನನ್ನ ಹೊಳೆ ದಾಟಿಸ್ತಾನೇ ಇದ್ದ."