ಎಣ್ಣೆ ಸೋರುವ ಕೆಂಪು ಕಾರು

“ಉಸ್ತಾದರ, ಎಣ್ಣೆ ಸೋರೋ ಕಾರು ತಗೋಬಹುದೇನ್ರಿ?”

ಗರಡಿಮನೆಯ ಹೊಸ್ತಿಲಲ್ಲಿ ನಿಂತು ನಾನು ಕೇಳಿದೆ. ಗದಿಗೆಪ್ಪ ಉಸ್ತಾದರು ಸಲಿಕೆ ಹಿಡಿದು ಅಖಾಡದ ಕೆಂಪು ಮಣ್ಣು ಮಗುಚುತ್ತಿದ್ದರು. ಹನ್ನೆರಡು ವರ್ಷ ಅವರ ಕೈಕೆಳಗೆ ಪಳಗಿದವನು ನಾನು, ಫಕ್ಕೀರೇಶ. ಸುತ್ತ ಏಳು ಊರಿನ ಜಟ್ಟಿಗಳಲ್ಲಿ ನನ್ನ ಬೆನ್ನನ್ನು ಮಣ್ಣಿಗೆ ಮುಟ್ಟಿಸಿದವನು ಒಬ್ಬನೂ ಇಲ್ಲ. ಹೆಚ್ಚಿಗೆ ಹೇಳುತ್ತಿಲ್ಲ, ಅನುಮಾನ ಇದ್ದವರು ಬಂದು ಕೈ ಕೊಟ್ಟು ನೋಡಬಹುದು.

“ಯಾವ ಕಾರೋ, ಪೈಲ್ವಾನ?”

“ಸ್ಪೋರ್ಟ್ಸ್ ಕಾರ್ರೀ. ಹಳೇದು ಖರೆ, ಆದ್ರ ಕೆಂಪಂದ್ರ ಕೆಂಪು. ಎರಡೇ ಬಾಗಿಲು. ಕೀಲಿ ತಿರುವಿದ್ರ ಹುಲಿ ಗುರ್ ಅಂದಂಗ ಆಗ್ತೈತಿ. ನಮ್ಮೂರಿನ ಮಾತು ಬಿಡ್ರಿ, ಜಿಲ್ಲಾದಾಗ ಇನ್ನೊಂದಿಲ್ಲ.”

“ಮತ್ತ ಎಣ್ಣೆ?”

ಸಿಕ್ಕಿಬಿದ್ದಿದ್ದು ಅಲ್ಲೇ. ಇಂಜಿನ್ನಿನ ಅಡಿಯಿಂದ ಎಣ್ಣೆ ತೊಟ್ಟಿಕ್ಕುತ್ತಿತ್ತು. ಒಬ್ಬ ಮೆಕ್ಯಾನಿಕ್ ಬರೀ ಒಂದು ವಾಷರಿನ ಕೆಲಸ ಅಂದ. ಇನ್ನೊಬ್ಬ ಇಂಜಿನ್ನೇ ಕೆಳಗಿಳಿಸಬೇಕು ಅಂದ. ಇಬ್ಬರೂ ಕಾರು ನೋಡಿರಲಿಲ್ಲ, ಫೋನಿನಲ್ಲಿ ನಾನು ಹೇಳಿದ್ದನ್ನು ಕೇಳಿದ್ದರು. ಕುಸ್ತಿಯಲ್ಲಿ ಗೆದ್ದ ಬೈಕು, ಬೆಳ್ಳಿಯ ಗದೆ, ಎರಡನ್ನೂ ಕೊಟ್ಟರೆ ಕಾರು ನನ್ನದು. ಅಂದರೆ ಹನ್ನೆರಡು ವರ್ಷದ ನನ್ನ ಗಳಿಕೆಯೆಲ್ಲ ಅದಕ್ಕೇ. ಸಂಜೆಯೊಳಗೆ ಕಾರಿನ ಮಾಲೀಕನಿಗೆ ಹೂಂ ಅಥವಾ ಊಹೂಂ ಹೇಳಬೇಕಿತ್ತು. ಹಿಂದಿನ ಗಾಜಿಗೆ ಅಂಟಿಸಲು ನನ್ನ ಹೆಸರಿನ ಸ್ಟಿಕ್ಕರನ್ನು ಹಿಂದಿನ ದಿನವೇ ಮಾಡಿಸಿಬಿಟ್ಟಿದ್ದೆ. ಅದನ್ನೂ ತೋರಿಸಿದೆ.

ಉಸ್ತಾದರು ಒಂದೊಂದೇ ಅಕ್ಷರ ಕೂಡಿಸಿ ಓದಿದರು. “ಚಂದ ಐತಿ. ನಿನಗಿಂತ ನಿನ್ನ ಹೆಸರು ದಪ್ಪ ಐತಿ,” ಅಂದರು. ಸಲಿಕೆ ಊರಿ ಮಣ್ಣಿನಲ್ಲೇ ಕೂತು, ತಮ್ಮ ಚೊಂಬಿನ ಬಾದಾಮಿ ಹಾಲಿನಲ್ಲಿ ಅರ್ಧ ನನಗೆ ಕೊಟ್ಟರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟಿದ್ದೆ, ಮಣ್ಣಾಗುತ್ತದೆ ಅಂತ ನಿಂತೇ ಕುಡಿದೆ.

“ಕೇಳು,” ಅಂದು ಅವರು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಅವನಿಗೆ ದೀಪಾವಳಿಯ ಓಟಕ್ಕೆ ಒಂದು ಹೋರಿ ಬೇಕಾಗಿತ್ತು. ದನದ ಸಂತೆಯಲ್ಲಿ ಒಬ್ಬ ಮುದುಕ ಬಿಳಿ ಹೋರಿಯ ಹಗ್ಗ ಹಿಡಿದು ನಿಂತಿದ್ದ. ಓಟದಲ್ಲಿ ಹೆಸರು ಮಾಡಿದ ಹೋರಿ ಅದು. ಆದರೆ ಅದರ ಮುಂದಿನ ಎಡಗಾಲಿನ ಗೊರಸಿನ ಸೀಳಿನಲ್ಲಿ ಕೀವಿನಂಥ ನೀರು ಒಸರುತ್ತಿತ್ತು.

ಮುದುಕ ಅದನ್ನು ಮುಚ್ಚಿಡಲಿಲ್ಲ. “ದಿನಾ ಬೆಳಗ್ಗೆ ಬಿಸಿನೀರಾಗ ತೊಳದು ಬೇವಿನೆಣ್ಣೆ ಹಚ್ಚಬೇಕಪ್ಪಾ. ಹಚ್ಚಿದ್ರ ಗಾಳಿಗಿಂತ ಮುಂದ ಓಡ್ತೈತಿ. ಒಂದಿನ ಬಿಟ್ರ ಕುಂಟ್ತೈತಿ. ಈಗ ನನ್ನ ಮಂಡಿ ಬಗ್ಗವಲ್ದು, ಅದಕ್ಕ ಮಾರಾಕ ತಂದೀನಿ,” ಅಂದ.

ರೈತ ಮನೆಯಿಂದಲೇ ಒಂದು ಚೀಲ ತಂದಿದ್ದ. ಅದರಲ್ಲಿ ಒಣಕೊಬ್ಬರಿಯ ಹಾರ, ಗೆಜ್ಜೆ, ಕೊಂಬಿಗೆ ಕಟ್ಟುವ ಬಲೂನು, ಹೋರಿಗಿಡುವ ಹೆಸರು ಬರೆಸಿದ ಹಲಗೆ ಎಲ್ಲವೂ ಇದ್ದವು. ಅವನು ಹೋರಿಯ ಸುತ್ತ ಮೂರು ಸುತ್ತು ಬಂದ. ಸಂತೆಗೆ ಬಂದವರನ್ನೆಲ್ಲ ನಿಲ್ಲಿಸಿ, ಇದು ದೊಡ್ಡ ಗಾಯವೋ ಸಣ್ಣದೋ ಎಂದು ಕೇಳಿದ. ಹತ್ತು ಜನ ಹತ್ತು ಥರ ಹೇಳಿದರು. ಕೊನೆಗೆ, ಹೇಗೆ ಕಾಣುತ್ತದೋ ನೋಡೋಣವೆಂದು ಕೊಂಬಿಗೆ ಒಂದು ಬಲೂನು ಕಟ್ಟಿದ. ಚೆನ್ನಾಗಿಯೇ ಕಂಡಿತು. ಮುದುಕ ಹೇಳಿದ್ದಕ್ಕಿಂತ ಹೆಚ್ಚೇ ಕೊಡುತ್ತೇನೆ ಎಂದ.

ಅಷ್ಟರಲ್ಲಿ ಒಬ್ಬ ವೀಳ್ಯದೆಲೆ ವ್ಯಾಪಾರಿ ಬಂದ. ಅವನ ಧೋತರ ಆಗತಾನೆ ಒಗೆದದ್ದು. ಅವನು ಯಾರನ್ನೂ ಏನೂ ಕೇಳಲಿಲ್ಲ. ಹೋರಿಯ ಮುಂದೆ ಸಗಣಿಯಲ್ಲೇ ಕೂತು ತನ್ನ ಮಂಡಿ ತಟ್ಟಿದ. ಹೋರಿ ಸ್ವಲ್ಪ ಹೊತ್ತು ಯೋಚಿಸಿ, ಎಡಗಾಲು ಎತ್ತಿ ಅವನ ಮಂಡಿಯ ಮೇಲಿಟ್ಟಿತು. ವ್ಯಾಪಾರಿ ಗೊರಸನ್ನು ಮೂಸಿ ನೋಡಿದ, ಬೆರಳಿನಿಂದ ಒತ್ತಿ ನೋಡಿದ, ಧೋತರದ ಚುಂಗಿನಿಂದ ಒರೆಸಿದ.

ಮುದುಕ ಬಲೂನು ಬಿಚ್ಚಿ ರೈತನ ಕೈಗೆ ಕೊಟ್ಟ. ಹಗ್ಗವನ್ನು ವ್ಯಾಪಾರಿಯ ಕೈಗೆ ಕೊಟ್ಟ.

ರೈತ ಕೆರಳಿದ. “ಮೊದಲು ಬಂದವ ನಾನು. ಹೆಚ್ಚಿಗೆ ಕೊಡಾವನೂ ನಾನು. ಇದ್ಯಾವ ನ್ಯಾಯೋ ಮುದುಕಾ?”

“ಸಿಟ್ಟಾಗಬ್ಯಾಡ, ನನ್ನಪ್ಪಾ. ಹೋರಿ ನಿನಗ ಬೇಕಾಗೈತಿ, ಅದು ನನಗೂ ತಿಳೀತು. ಹೋರಿಗೆ ಯಾರು ಬೇಕಂತ ಅದನ್ನೂ ಒಂದು ಮಾತು ಕೇಳಿದೆ, ಅಷ್ಟ.”

ಕತೆ ಮುಗಿಯಿತು. ನಾನೇನು ಸುಲಭಕ್ಕೆ ಪಟ್ಟು ಬಿಡುವವನೇ?

“ಹೋರಿಗೆ ಬುದ್ಧಿ ಐತ್ರಿ, ಉಸ್ತಾದರ. ಕಾರಿಗೇನೈತಿ? ಯಾರು ಕೀಲಿ ತಿರುವಿದ್ರೂ ಹೋಗ್ತೈತಿ,” ಅಂದೆ.

“ಹೌದೌದು, ಅದೂ ಖರೆ,” ಅಂದು ಅವರು ಎದ್ದರು. “ಕಾರು ನೋಡಿ ಸೀದಾ ಇಲ್ಲಿಗೇ ಬಂದಿ?”

“ಸೀದಾ ಬಂದೆ ನೋಡ್ರಿ. ಒಂದು ತಾಸು ನೋಡೀನಿ. ಸುತ್ತಾ ಮುತ್ತಾ ಎಲ್ಲಾ ನೋಡೀನಿ.”

“ಹಂಗಾದ್ರ ಆ ಕಡೆ ತಿರುಗು.”

ತಿರುಗಿ ನಿಂತೆ. ಉಸ್ತಾದರು ನನ್ನ ಅಂಗಿಯ ಬೆನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಒಂದು ಕಲೆಯೂ ಇರಲಿಲ್ಲ. ನಕ್ಕರು. ನಾನು ಮೊದಲ ಸಲ ಗೆದ್ದು ಬಂದ ದಿನ ಚಪ್ಪರಿಸಿದ ಹಾಗೆಯೇ, ಕೆಂಪು ಮಣ್ಣು ಮೆತ್ತಿದ ಅಂಗೈಯಿಂದ ಬೆನ್ನು ಚಪ್ಪರಿಸಿದರು. ಆಮೇಲೆ ಒಂದೇ ಮಾತು ಹೇಳಿದರು.

“ಆ ಕಾರಿನ ಅಡಿಗೆ ಹೋಗಬೇಕಂದ್ರ, ದಿನಾ ನಿನ್ನ ಬೆನ್ನು ಮಣ್ಣಿಗೆ ಹಚ್ಚಬೇಕಾಗ್ತೈತಲ್ಲೋ, ಪೈಲ್ವಾನ.”