ದೂರಿನ ಫೈಲು ನೋಡಲು ಹೋದ ದ್ಯಾವಪ್ಪ

ಒಂದೂರು. ಆ ಊರಿಗೊಂದು ಪುರಸಭೆ, ಒಂದು ಕೇಬಲ್ ಟಿವಿ, ಒಬ್ಬ ದ್ಯಾವಪ್ಪ. ಪುರಸಭೆ ಮಲಗಿರುತ್ತಿತ್ತು, ಟಿವಿ ಕೂಗುತ್ತಿತ್ತು, ದ್ಯಾವಪ್ಪ ಹೇಳಿದಷ್ಟನ್ನೇ ಮಾಡುತ್ತಿದ್ದ. ವಯಸ್ಸು ಮೂವತ್ತು. ಅಕ್ಷರ ಬರುತ್ತಿತ್ತು, ಅರ್ಥ ಬರುತ್ತಿರಲಿಲ್ಲ. ಅವನವ್ವ ಶಂಕ್ರವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಖಡಕ್ ರೊಟ್ಟಿ ಬಡಿದು ಮಾರಿ ಅವನನ್ನು ಸಾಕಿದ್ದಳು.

ಒಂದು ಸಂಜೆ ಟಿವಿ ಕೂಗಿತು: ‘ಶಂಕ್ರವ್ವನ ರೊಟ್ಟಿಯಲ್ಲಿ ಸುಣ್ಣ! ಗ್ರಾಹಕರಿಂದ ದೂರು!’ ಮರುದಿನದಿಂದ ಒಂದೇ ಒಂದು ರೊಟ್ಟಿ ಹೋಗಲಿಲ್ಲ.

“ಯಾವನು ಕೊಟ್ಟ ದೂರು? ನನಗ ಅವನ ಹೆಸರು ಬೇಕು!” ಶಂಕ್ರವ್ವ ಕೆಂಡವಾದಳು. ಟಿವಿ ಕಚೇರಿಯಲ್ಲಿ ದೂರಿನ ಫೈಲನ್ನು ಹತ್ತರಿಂದ ಐದರವರೆಗೆ ಯಾರು ಬಂದು ಕೇಳಿದರೂ ತೋರಿಸಬೇಕು. ಪುರಸಭೆ ಟಿವಿಯವರಿಗೆ ಜಾಗ ಕೊಟ್ಟದ್ದೇ ಆ ಷರತ್ತಿನ ಮೇಲೆ. ಕಚೇರಿ ಬಾಗಿಲಿಗೆ ಬೋರ್ಡೂ ಇತ್ತು. “ಹೋಗೋ ದ್ಯಾವ್ಯಾ, ಫೈಲು ನೋಡ್ಕೊಂಡು ಬಾ!”

ಹೋದ. ಗುಮಾಸ್ತ ಫೈಲನ್ನು ಮೇಜಿನ ಮೇಲಿಟ್ಟ. ದ್ಯಾವಪ್ಪ ಕೈಕಟ್ಟಿ ನಿಂತು ನೋಡಿದ. ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. ನಮಸ್ಕಾರ ಹೇಳಿ ಬಂದ.

“ನೋಡಿದೆವ್ವಾ! ಹಸರು ರಟ್ಟು, ಕೆಂಪು ದಾರ!”

“ಅಯ್ಯೋ ನನ್ನ ಕರ್ಮ! ಕಟ್ಟಿದ್ದನ್ನ ಬಿಚ್ಚಿ ನೋಡಬೇಕೋ! ಒಳಗ ಏನೈತಿ, ಒಂದೊಂದ ಎತ್ತಿ ನೋಡಬೇಕೋ!”

ಮರುದಿನ ಹೋದ. “ಫೈಲು ಮ್ಯಾನೇಜರ್ ಕುಬಸದ ಸಾಹೇಬರ ರೂಮಿನಾಗೈತಿ” ಎಂದ ಗುಮಾಸ್ತ. ರೂಮಿಗೆ ನುಗ್ಗಿದ. ಮೇಜಿನ ಮೇಲೆ ಕಟ್ಟಿದ್ದೊಂದಿತ್ತು. ಬಿಚ್ಚಿದ. ಮ್ಯಾನೇಜರ್ ಸಾಹೇಬರ ಬುತ್ತಿ! ಒಂದೊಂದನ್ನೇ ಎತ್ತಿ ಬೆಳಕಿಗೆ ಹಿಡಿದು ನೋಡಿದ. ಕತ್ತು ಹಿಡಿದು ದಬ್ಬಿದರು.

“ಒಳಗ ಬದನೀಕಾಯಿ ಎಣಗಾಯಿ, ಐದು ರೊಟ್ಟಿ. ನಮ್ಮವೇ ರೊಟ್ಟಿ, ಅವ್ವಾ! ಅಂಚಿಗೆ ಕರಿ ಎಳ್ಳು.”

ಶಂಕ್ರವ್ವ ಲಟ್ಟಣಿಗೆ ನೆಲಕ್ಕೆ ಬಡಿದಳು. “ಹೋದ ತಿಂಗಳು ಅವನ ಹೆಂಡತಿ ಒಯ್ದ ರೊಟ್ಟಿ! ಊರಿಗೆಲ್ಲಾ ಸುಣ್ಣ ಅಂತ ಸಾರಿದವ ತಾ ಕುಂತು ತಿನ್ನಾಕತ್ತಾನಲ್ಲ, ನಾಚಿಕಿಗೇಡಿ! ಮತ್ತ ನೀನು! ಮಂದಿ ಗಂಟು ಮುಟ್ಟತೀಯೇನೋ? ಏನೂ ಮುಟ್ಟಬ್ಯಾಡ. ನಿಂತು ನಕಲು ಮಾಡ್ಕೊ. ಅಲ್ಲಿ ಇದ್ದದ್ದೆಲ್ಲಾ ಬರಿ, ಒಂದಕ್ಷರ ಬಿಡಬ್ಯಾಡ. ಕಡೀಕ ಸಿಕ್ಕಾ ಹಾಕಿಸ್ಕೊಂಡು ಬಾ!”

ಮೂರನೆಯ ದಿನ ಹೋದ. ಏನನ್ನೂ ಮುಟ್ಟಲಿಲ್ಲ. ಮೂಲೆಯಲ್ಲಿ ನಿಂತು ಬರೆದೇ ಬರೆದ. ಆ ಕಚೇರಿಯ ಪದ್ಧತಿ ಒಂದಿತ್ತು: ನಾಲ್ಕೂವರೆ ದಾಟಿತೆಂದರೆ ಗುಮಾಸ್ತನ ಕಣ್ಣು ಗಡಿಯಾರದ ಮೇಲೆ, ಕೈ ಸಿಕ್ಕಾದ ಮೊಹರಿನ ಮೇಲೆ. ಮುಂದೆ ಹಿಡಿದ ಕಾಗದ ಯಾವುದೇ ಇರಲಿ, ‘ನಿಜಪ್ರತಿ’ ಎಂದು ಒತ್ತಿ ಸಹಿ ಗೀಚುವುದು. ಒತ್ತಿದ, ಗೀಚಿದ.

ದ್ಯಾವಪ್ಪ ಮನೆಯಲ್ಲಿ ಓದಿದ: “ಫ್ಯಾನು ಕರಕರ ಅಂತೈತಿ. ಕಾಗದ ಕೇಳಾಕ ಬಂದವರಿಗೆ ಗುಮಾಸ್ತ ಅಂತಾನ: ನೀವು ಯಾರ್ರೀ, ಸಾಹೇಬರು ಊಟಕ್ಕ ಹೋಗ್ಯಾರ, ನಾಳೆ ಬರ್ರಿ. ಗ್ವಾಡಿ ಮ್ಯಾಲೆ ಹಲ್ಲಿ ಐತಿ.”

“ಹಲ್ಲಿ ಬರದೀಯೇನೋ ಹುಚ್ಚಪ್ಯಾಲಿ!”

“ಮ್ಯಾನೇಜರ್ ಗುಮಾಸ್ತಗ ಹೇಳ್ತಾರ: ಆ ಪೆದ್ದಗ ಫೈಲು ಕೊಡಬ್ಯಾಡ. ಖಾಲಿ ಐತಿ ಅಂತ ಗೊತ್ತಾದೀತು. ದೂರು ಯಾವನೂ ಕೊಟ್ಟಿಲ್ಲ. ನನ್ನ ಮಗಳ ಮದುವಿಗೆ ಸಾವಿರ ರೊಟ್ಟಿ ಪುಕ್ಕಟೆ ಕೊಡು ಅಂದ್ರ ಕೊಡಲಿಲ್ಲ ಆಕಿ. ಅನುಭವಿಸಲಿ.”

ಶಂಕ್ರವ್ವ ಹತ್ತಿರ ಸರಿದು ಕೂತಳು. “ಇನ್ನೊಮ್ಮೆ ಓದಪ್ಪಾ” ಎಂದಳು. ಇನ್ನೊಮ್ಮೆ ಓದಿದ. ಮೂವತ್ತು ವರ್ಷದಲ್ಲಿ ಮೊದಲ ಸಲ ಮಗನ ತಲೆ ಸವರಿದಳು.

ಪುರಸಭೆಗೆ ಅರ್ಜಿ ಹೋಯಿತು, ವಿಚಾರಣೆಗೆ ದಿನ ಗೊತ್ತಾಯಿತು. ಕಾಗದವನ್ನು ಮಗನ ಕಿಸೆಯಲ್ಲಿಟ್ಟು ಶಂಕ್ರವ್ವ ಹೇಳಿದಳು: “ಹುಷಾರಪ್ಪಾ! ಇದು ಹೋದ್ರ ನನ್ನ ಮಾನಾನೂ ಹೋತು. ಆ ಟಿವಿ ಮಂದಿ ಕಾಗದ ಹೆಂಗ ಕಾಯ್ತಾರ, ನೋಡೀಯಲ್ಲ? ನೀನೂ ಹಂಗ ಕಾಯಿ!”

“ಹೂಂ ಅವ್ವಾ!”

ಸಭೆ ತುಂಬಿತ್ತು. ಮ್ಯಾನೇಜರ್ ಕುಬಸದ ಸಾಹೇಬ ಬೆವರು ಒರೆಸಿಕೊಳ್ಳುತ್ತಿದ್ದ. ಮುಖ್ಯಾಧಿಕಾರಿ ಮೇಡಂ ಕೈಚಾಚಿದರು. “ಕಾಗದ ಕೊಡಪ್ಪ. ನಿಮ್ಮ ತಾಯಿ ಹೇಳಿದ್ದು ಅದರಲ್ಲಿದ್ದರೆ, ಇವತ್ತಿನ ಸುದ್ದಿಯಲ್ಲೇ ಇವರು ತಪ್ಪೊಪ್ಪಿಕೊಳ್ಳಬೇಕು.”

ದ್ಯಾವಪ್ಪ ಕಿಸೆಯ ಮೇಲೆ ಕೈ ಮುಚ್ಚಿದ. “ಕಾಗದ ಸಾಹೇಬರ ಹತ್ರ ಐತ್ರಿ.”

“ಯಾವ ಸಾಹೇಬರು?”

“ಸಾಹೇಬರು ಊಟಕ್ಕ ಹೋಗ್ಯಾರ. ನಾಳೆ ಬರ್ರಿ.”

ಜನ ಗೊಳ್ಳೆಂದರು. ಕುಬಸದ ಸಾಹೇಬ ಎದ್ದು ನಿಂತ. “ನೋಡಿದ್ರೇನ್ರಿ ಮೇಡಂ? ಕಾಗದಾನೂ ಇಲ್ಲ, ಗೀಗದಾನೂ ಇಲ್ಲ!”

“ಕಾಗದ ಇಲ್ಲದ ಮೇಲೆ ನಾನೇನು ಮಾಡಲಿ?” ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

“ಕಿಸೇದಾಗ ಐತ್ರೀ!” ಶಂಕ್ರವ್ವ ಚೀರಿದಳು. ಓಡಿ ಬಂದು ಮಗನ ಅಂಗಿ ಹಿಡಿದಳು. “ಕೊಡೋ! ನಿನ್ನ ಕಾಲಿಗೆ ಬೀಳ್ತೀನಿ, ಕೊಡೋ ನನ್ನಪ್ಪಾ!”

ದ್ಯಾವಪ್ಪ ಎರಡು ಹೆಜ್ಜೆ ಹಿಂದೆ ಸರಿದ. ಕಿಸೆಗೆ ಗುಂಡಿ ಹಾಕಿದ. ಹೆತ್ತವ್ವನನ್ನು ಮೇಲಿಂದ ಕೆಳಗಿನವರೆಗೆ ನೋಡಿ ಗಂಭೀರವಾಗಿ ಕೇಳಿದ:

“ನೀವು ಯಾರ್ರೀ? ಈ ಕಾಗದಕ್ಕೂ ನಿಮಗೂ ಏನು ಸಂಬಂಧ?”