ಆಲದ ಮರದ ತಿರುವು

“ಗುರುಗಳೇ, ನಾನು ನಡೆದ ದಾರಿಯನ್ನೇ ಶಿಷ್ಯರಿಗೆ ಹೇಳುತ್ತೇನೆ. ಅವರು ಮಾತ್ರ ಎಲ್ಲೆಲ್ಲೋ ಹೋಗಿ ನಿಲ್ಲುತ್ತಾರೆ. ಬೋರ್ಗಲ್ಲ ಮೇಲೆ ನೀರು ಸುರಿದ ಹಾಗೆ. ಅವರನ್ನು ಮನೆಗೆ ಕಳಿಸಿಬಿಡಲೇ?” ಎಂದು ಚನ್ನಮಲ್ಲ ಕೇಳಿದ. ಹೇಳಿದ್ದನ್ನೇ ಹೇಳಿ ಹೇಳಿ ಅವನ ಗಡ್ಡ ನರೆತಿತ್ತು.

ಗುರುಗಳು ಒಂದು ಕತೆ ಹೇಳಿದರು.

ಗುಡ್ಡದ ಮೇಲೆ ಒಬ್ಬ ಕುರಿಗಾಹಿ ಇದ್ದ. ಒಂದು ದಿನ ಅವನ ಹೆಂಡತಿಗೆ ಉಬ್ಬಸ ಏರಿತು. ಮನೆಯಲ್ಲಿ ಔಷಧಿ ತೀರಿತ್ತು. ಅವಳೊಬ್ಬಳನ್ನೇ ಬಿಟ್ಟು ಹೋಗುವ ಹಾಗಿರಲಿಲ್ಲ. ಕೆಳಗಿನ ಊರಿನ ಆಸ್ಪತ್ರೆಯಲ್ಲಿ ಮನೆಮನೆಗೆ ಔಷಧಿ ಮುಟ್ಟಿಸುವ ಒಂದು ಯಂತ್ರದ ಬಂಡಿ ಇತ್ತು. ಅದಕ್ಕೆ ಎಳೆಯುವ ಎತ್ತಿಲ್ಲ, ಹೊಡೆಯುವ ಆಳಿಲ್ಲ. ಬಾಯಿಮಾತಿನಲ್ಲಿ ದಾರಿ ಹೇಳಿದರೆ ತಾನೇ ನೋಡಿಕೊಂಡು ಬರುತ್ತಿತ್ತು. ಕುರಿಗಾಹಿ ಫೋನಿನಲ್ಲಿ ಹೇಳಿದ: “ಕೆರಿ ಏರಿ ದಾಟಿ ನೆಟ್ಟಗ ಬಾ. ಆಲದ ಮರದ ಹತ್ರ ಎಡಕ್ಕ ಹೊಳ್ಳು. ಅಲ್ಲಿಂದ ನಮ್ಮ ಗುಡಿಸಲು ಕಾಣತೈತಿ.”

ಬಂಡಿ ಹೊರಟಿತು. ಹೊತ್ತು ಏರಿತು. ಹೆಂಡತಿಯ ಎದೆ ಸುಂಯ್‌ಗುಡುತ್ತಿತ್ತು. ಕೊನೆಗೆ ಬಂಡಿಯಿಂದಲೇ ಫೋನು ಬಂತು: “ಆಲದ ಮರ ಸಿಕ್ಕಿತು. ಎಡಕ್ಕೆ ತಿರುಗಿದೆ. ಮುಂದೆ ಕಲ್ಲುಗಣಿಯ ಹೊಂಡವಿದೆ. ದಾರಿ ಇಲ್ಲ.”

ಕುರಿಗಾಹಿ ಉರಿದುಬಿದ್ದ. “ಕಣ್ಣಿದ್ದೂ ಕುರುಡು ಇದು! ಅಷ್ಟು ದೊಡ್ಡ ಮರ ಬಿಟ್ಟು ಮುಂದ ಗಣಿ ಹತ್ರದ ಬ್ಯಾರೆ ಆಲದ ಮರಕ್ಕ ಹೋಗೈತಿ!”

ಹೆಂಡತಿ ಏದುಸಿರಿನ ನಡುವೆಯೇ ಅಂದಳು: “ಆ ಮರ ಬಿದ್ದು ಎಷ್ಟ್ ಕಾಲ ಆತು. ಇಲ್ಲದ ಮರ ಅದಕ್ಕ ಹೆಂಗ ಕಾಣಬೇಕ್ರೀ?”

ಮರ ಕುರಿಗಾಹಿಯ ತಂದೆಯ ಕಾಲದಲ್ಲೇ ಬಿದ್ದಿತ್ತು. ಊರವರು ಮಾತ್ರ ಆ ತಿರುವನ್ನು ಆಲದ ಮರ ಎಂದೇ ಕರೆಯುತ್ತಿದ್ದರು. ಅಂದು ಬೆಳಿಗ್ಗೆಯೂ ಅವನು ಕುರಿ ಹೊಡೆದುಕೊಂಡು ಅದೇ ಬಯಲು ದಾಟಿದ್ದ. ಅವನಿಗೆ ನಾಚಿಕೆಯಾಯಿತು. ಅಲ್ಲಿ ಈಗ ಏನಿದೆ ಎಂದು ಕಣ್ಣು ಮುಚ್ಚಿ ನೆನೆದ. “ಬಂದ ದಾರಿಗೇ ವಾಪಸ್ ಬಾ. ಮರ ಹುಡುಕಬ್ಯಾಡ. ಕುರಿ ನೀರು ಕುಡಿಯೋ ತೊಟ್ಟಿ ಐತಿ, ಸುಣ್ಣ ಬಳದದ್ದು. ಅಲ್ಲಿ ಬಲಕ್ಕ ಹೊಳ್ಳು” ಎಂದ.

ಬಂಡಿ ಬಂತು. ಔಷಧಿ ಸೇದಿದ ಮೇಲೆ ಹೆಂಡತಿಯ ಉಸಿರು ಹತೋಟಿಗೆ ಬಂತು.

ಕತೆ ಕೇಳಿ ಚನ್ನಮಲ್ಲ ನಕ್ಕ. “ಪಾಪ, ಬಂಡಿಯದೇನು ತಪ್ಪು?” ಎಂದ.

ಗುರುಗಳು ಅವನ ಮುಖ ನೋಡಿದರು. “ಶಿಷ್ಯರಿಗೆ ಗುರುತು ಹೇಳುವ ಮರದ ನೆರಳಲ್ಲಿ ನೀನು ಕೊನೆಯ ಸಲ ಕುಳಿತದ್ದು ಯಾವಾಗ?”